ಹನ್ನೊಂದೂವರೆಯ ಫೋನು

ಮಹಾಲಿಂಗಪುರದ ಬೆಲ್ಲದ ಪ್ಯಾಟಿಯೊಳಗ
ಹಲಗಿ ಮ್ಯಾಲೆ ದರ ಬರೆಯೋದು ನನ್ನ ಕೆಲಸ.
ಟಾವೆಲ್ಲಿನ ಕೆಳಗ ದಲಾಲರ ಬೆರಳು ಮಾತಾಡಿ ಮುಗಿದ ಮ್ಯಾಲೆ
ನನ್ನ ಸೀಮೆಸುಣ್ಣ ಬಾಯಿ ತೆರೀತದ.

ತೂಕದ ಯಮನಪ್ಪನ ಮಗಳು ಶಿವಕಾಂತಾ
ಎಂಟು ವರ್ಷದಾಕಿ ಇದ್ದಾಗ ಒಮ್ಮೆ ಅಂದಳು:
"ಕಾಕಾ, ಒಂದು ಸೊನ್ನಿ ಬಿಟ್ಟೀರಿ."

ಮುಂದ ಆಕಿ ಟಿವಿಯೊಳಗ ಬಂದಳು.
ಕರೀ ಕೋಟು, ತಿದ್ದಿದ ಕನ್ನಡ,
ಕೆಳಗ ಓಡೋ ಕೆಂಪು ಹಸಿರು ಅಂಕಿ.
ಸೆನ್ಸೆಕ್ಸು, ಚಿನ್ನ, ಕಚ್ಚಾತೈಲ, ಕಡೀಕ ನಮ್ಮ ಬೆಲ್ಲ.
ಹನ್ನೊಂದೂವರೆಗೆ ನಾನು ಫೋನಿನಾಗ ಹೇಳಾಂವ,
ಹನ್ನೆರಡಕ್ಕ ಆಕಿ ನಾಡಿಗೆ ಹೇಳಾಕಿ.

ಒಂದು ದಿನ ನನಗ ಹಲ್ಲುಬ್ಯಾನಿ.
ಮೂರು ಸಾವಿರದ ಎಂಟುನೂರು ಅನ್ನೋದು
ನಾಲ್ಕು ಸಾವಿರದ ಎಂಟುನೂರು ಅಂದೆ.
ಮುಧೋಳದ ಕಡಿಂದ ಗಾಡಿ ಮ್ಯಾಲೆ ಗಾಡಿ ಬಂದು ನಿಂತವು.
ಮರುದಿನ ಪರದೆ ಮ್ಯಾಲೆ ಆಕಿ:
"ನಿನ್ನೆ ತಪ್ಪು ಓದಿದವಳು ನಾನು, ಕ್ಷಮೆ ಇರಲಿ."
ನನ್ನ ಹೆಸರು ಎತ್ತಲಿಲ್ಲ.
ಫೋನಿನಾಗೂ ಎತ್ತಲಿಲ್ಲ.

ಆಮ್ಯಾಲೆ ಕ್ಯಾಮೆರಾ ಬಿಟ್ಟು ಮ್ಯಾಲಿನ ಮಜಲಿಗೆ ಹೋದಳು,
ಚಾನೆಲ್ಲಿನ ಯಜಮಾನಿಕಿ.
ಯಾವ ಸುದ್ದಿಗೆ ಎಷ್ಟು ಸೆಕೆಂಡು ಅಂತ
ತೂಗೋದು. ಅಪ್ಪನ ಕೆಲಸನ ಅದು.

ಹೋದ ಸೋಮವಾರ ಫೋನು. ಆಕೀದ ದನಿ.
ಎಷ್ಟು ವರ್ಷ ಆಗಿತ್ತು!
ನಾನು ರೂಢಿಯಂಗ ಶುರುಮಾಡಿದೆ:
ಕೆಂಪು ಪೆಂಟಿ ಇಷ್ಟು, ಬಿಳಿ ಪೆಂಟಿ ಇಷ್ಟು, ಆವಕ ಇಷ್ಟು.
ಪೂರ್ತಿ ಕೇಳಿದಳು.
"ಬಿಳೇದು ಇನ್ನೊಮ್ಮೆ ಹೇಳ್ರಿ" ಅಂದಳು.
ಹೇಳಿದೆ.
"ಕಾಕಾ, ನಾಳಿಯಿಂದ ಬೆಲ್ಲದ ದರ ತಗದೇವ್ರಿ.
ಸಹಿ ನಂದ ಐತಿ."

ಹಲಗಿ ಕಡೆ ನೋಡಿದೆ.
ಸೊನ್ನಿ ಎಲ್ಲಾ ಸರಿ ಇದ್ದವು.