ತೆಗಿ

ಟಿಕೋಟಾ ರಸ್ತೆಯ ಕೋಲ್ಡ್ ಸ್ಟೋರೇಜು.
ಗೋಡೆಯ ಆಚೆ ನಾಲ್ಕು ಡಿಗ್ರಿ, ಈಚೆ ನಲವತ್ತೊಂದು.
ನಡುವೆ ನಾನು, ಕಟಕಟ ಅನ್ನುವ ಒಂದು ಫ್ಯಾನು,
ಪರದೆಯ ಮೇಲೆ ಎರಡೇ ಶಬ್ದ:
'ಖಾತೆ ತೆಗೆಯುತ್ತದೆ.'

ನಾನೇ ಬರೆದದ್ದು, ಮಾರ್ಚಿನಲ್ಲಿ,
ಒಣದ್ರಾಕ್ಷಿಯ ಲಾರಿಗಳು ಗೇಟಿನಲ್ಲಿ ಹಾರ್ನು ಹೊಡೆಯುತ್ತಿದ್ದಾಗ.
ಹೊಸ ಏಜೆಂಟಿಗೆ ಹನ್ನೊಂದು ಸಲಕರಣೆ ಕೊಟ್ಟಿದ್ದೆವು.
(ಏಜೆಂಟ ಅಂದರೆ ಅಡತಿ ಅಂಗಡಿಯವನಲ್ಲ,
ಕಮಿಷನ್ ಕೇಳದವನು, ಕಂಪ್ಯೂಟರಿನ ಒಳಗಿನವನು.)
ಅವನು ಯಾವುದನ್ನೂ ಮುಟ್ಟಿ ನೋಡಲಾರ,
ಕಾಳು ಬಾಯಿಗೆ ಹಾಕಿ ಗಂಧಕ ಹೆಚ್ಚಾಗಿದೆ ಅನ್ನಲಾರ.
ಪ್ರತಿ ಸಲಕರಣೆಯ ಮೈಮೇಲೆ ನಾನು ಅಂಟಿಸಿದ ಸಾಲು ಓದುತ್ತಾನೆ.
ಓದಿದ್ದನ್ನು ನಂಬುತ್ತಾನೆ.

ತೊರವಿಯ ಕಾಶಿಬಾಯಿ ಜಂಬಗಿ
ಅಣ್ಣನ ಪಾಲಿನಿಂದ ಬೇರೆಯಾಗಿ, ಮೊಬೈಲಿನಲ್ಲಿ ಬರೆದಳು:
'ನನ್ನ ಹೆಸರಲೆ ಖಾತೆ ತೆಗೀರಿ.'
ಅವನು ಹೆಸರು ಹುಡುಕಿದ. ಸಿಕ್ಕಿತು. ತೆಗೆದ.
ಮುನ್ನೂರಾ ಹನ್ನೆರಡು ಬಾಕ್ಸು, ಹಸಿರು, ಮೊದಲ ದರ್ಜೆ,
ಕತ್ತಲ ಚಳಿಯಲ್ಲಿ ಒಡತಿಯಿಲ್ಲದೆ ಕೂತವು.
ಅವಳಿಗೆ ಉತ್ತರವೂ ಹೋಯಿತು, ಬಲು ಸಭ್ಯವಾಗಿ:
'ತೆಗೆಯಲಾಗಿದೆ. ಮತ್ತೇನಾದರೂ ಸಹಾಯ ಬೇಕೆ?'

ಬಂದಳು. ರಸೀದಿಗಳನ್ನು ಸೆರಗಿನ ಗಂಟಿನಿಂದ ಬಿಚ್ಚಿ
ಟೇಬಲ್ಲಿನ ಮೇಲೆ ಒಂದೊಂದೇ ಹರವಿದಳು. ಒದರಾಡಲಿಲ್ಲ.
'ಇದನ್ನ ಯಾರ ಮಾಡ್ಯಾರವಾ?'
'ಕಂಪ್ಯೂಟರ್ರೀ' ಅಂದೆ.

ಆ ರಾತ್ರಿ ನಿದ್ದೆ ಹತ್ತಲಿಲ್ಲ.
ತೆಗಿ, ತೆಗಿ.
ಫೋಟೋ ತೆಗಿ, ಹಲ್ಲು ತೆಗಿ, ಸಾಲ ತೆಗಿ,
ಊಟದ ಹೊತ್ತಿಗೆ ಆ ಮಾತು ತೆಗೀಬ್ಯಾಡ.
ಕಣ್ಣು ತೆಗಿ ಅಂತ ತಾಯಿ ಕೂಸಿನ ಗಲ್ಲ ತಟ್ಟುತ್ತಾಳೆ,
ಕಣ್ಣು ತೆಗೀತೀನಿ ಅಂತ ದಾಯಾದಿ ಕಲ್ಲು ಎತ್ತುತ್ತಾನೆ.
ಹುಟ್ಟಿದಾಗಿನಿಂದ ಈ ಶಬ್ದದೊಳಗೆ ಓಡಾಡಿದವಳು ನಾನು,
ಎಲ್ಲಿ ಹೊಸ್ತಿಲು, ಎಲ್ಲಿ ಬಾವಿ, ಕತ್ತಲಲ್ಲೂ ಗೊತ್ತು.
ಅವನು ನಿನ್ನೆ ಬಂದವನು.

ಬೆಳಗ್ಗೆ ಪ್ಲಾಟ್‌ಫಾರ್ಮಿನ ಮೇಲೆ ಹಮಾಲಿ ರಾಜೇಸಾಬ
ಹೊಸ ಹುಡುಗನಿಗೆ ಹೇಳುತ್ತಿದ್ದ:
'ಈ ಕೊಕ್ಕಿ ಚೀಲಕ್ಕಷ್ಟ. ಬಾಕ್ಸಿಗೆ ಹಾಕಿದ್ಯೋ, ಹರೀತದ.
ಚೀಟಿ ಇಲ್ಲದ ಮಾಲಿಗೆ ಕೈ ಹಚ್ಚಬ್ಯಾಡ.
ತಿಳೀಲಿಲ್ಲಂದ್ರ ಸುಮ್ನ ನಿಂದ್ರು, ನನ್ನ ಕೂಗು.
ನಿಂತರ ಯಾರೂ ಬೈಯಾಂಗಿಲ್ಲ.'
ಹುಡುಗ ಕೊಕ್ಕಿಯನ್ನು ತಿರುವಿ ತಿರುವಿ ನೋಡಿದ.
ನನ್ನ ಚಹಾ ಆರಿತ್ತು.

ಒಳಗೆ ಹೋಗಿ ಅಳಿಸಿ ಬರೆದೆ:
'ಈಗಾಗಲೇ ಇರುವ ಖಾತೆಯನ್ನು ಮುಚ್ಚುತ್ತದೆ.
ಹೊಸದನ್ನು ತೆರೆಯುವುದಿಲ್ಲ, ಅದಕ್ಕೆ ಬೇರೆ ಸಲಕರಣೆ ಇದೆ.
ಒಳಗೆ ಒಂದು ಬಾಕ್ಸು ಉಳಿದಿದ್ದರೂ ಬಳಸಬೇಡ.
ಖಾತೆ ಸಂಖ್ಯೆ ಬೇಕು, ಹೆಸರು ಸಾಲದು;
ನಮ್ಮ ವಹಿಯಲ್ಲಿ ಒಂಬತ್ತು ಕಾಶಿಬಾಯಿಯರಿದ್ದಾರೆ.
ಯಾರಾದರೂ "ತೆಗಿ" ಅಂದರೆ ನಿಲ್ಲು.
ಬಿಚ್ಚಬೇಕೋ ಮುಚ್ಚಬೇಕೋ, ಅವರನ್ನೇ ಕೇಳು.
ಮುಚ್ಚಿದ್ದನ್ನು ನೀನು ಮತ್ತೆ ತೆರೆಯಲಾರೆ.'

ಗುಣಕಿ ಸಾವಕಾರರು ಕನ್ನಡಕ ಏರಿಸಿ ನೋಡಿದರು.
'ಒಂದ ಸಾಲಿತ್ತು, ಎಂಟು ಮಾಡೀಯಲ್ಲ.'
ಹೌದ್ರೀ ಅಂದೆ. ಇನ್ನೂ ಹತ್ತು ಸಲಕರಣೆ ಬಾಕಿ ಇದ್ದವು.

ಕಾಶಿಬಾಯಿಯ ಬಾಕ್ಸುಗಳನ್ನು ಮೂರು ದಿನ
ಸ್ವೆಟರ್ ಹಾಕಿಕೊಂಡು, ರ‍್ಯಾಕು ರ‍್ಯಾಕು ಅಲೆದು, ಕೈಯಿಂದ ಎಣಿಸಿದೆ.
ಮುನ್ನೂರಾ ಹನ್ನೊಂದು. ಮತ್ತೆ ಎಣಿಸಿದೆ. ಹನ್ನೆರಡು.
ನೀಲಿಗಟ್ಟಿದ ಬೆರಳಲ್ಲೇ ಫೋನು ಒತ್ತಿದೆ.
'ಅಕ್ಕಾ, ಆವತ್ತು ಕಂಪ್ಯೂಟರ ಅಂದೆ. ಆ ಸಾಲು ಬರದಾಕಿ ನಾನು.'

ಆ ಕಡೆ ಟ್ರ್ಯಾಕ್ಟರಿನ ಸದ್ದು. ಆಮೇಲೆ ಅದೂ ನಿಂತಿತು.
'ಗೊತ್ತಿತ್ತು ತಗೋ. ಅಂದಾಗ ನಿನ್ನ ದನಿ ಸಣ್ಣಾಗಿತ್ತು.
ನಿಮ್ಮ ಗೇಟಿನಾಗ ನಿಂತೀನಿ, ನೆತ್ತಿ ಸುಡಾಕತ್ತದ.
ಮೊದಲ ಬಾಗಲ ತೆಗಿ.'

ಯಾವ ತೆಗಿ ಅಂತ ನಾನು ಕೇಳಲಿಲ್ಲ.