ಕಳವು

ಲಾಂಡೇವಾಡಿಯ ಆ ಆಫೀಸಿನಲ್ಲಿ
ಮೂರು ಮಂದಿ ಕೂತಿದ್ದರು. ಒಬ್ಬರ ಮೀಸೆಗೆ
ಚಿವಡಾದ ಪುಡಿ ಅಂಟಿತ್ತು.
ಹೇಳಲೋ ಬೇಡವೋ ಅನ್ನುವಷ್ಟರಲ್ಲಿ
ಮೊದಲ ಪ್ರಶ್ನೆ ಅರ್ಧ ದಾಟಿಹೋಗಿತ್ತು.

"ಹಡಪದ? ಅಂದರೆ ಹಡಪ್ಸರದವರಾ?"
ಅಲ್ಲ ಸರ್, ಇಂಡಿ ತಾಲೂಕು. ಹಡಪ ಅಂದರೆ
ಎಲೆ ಅಡಿಕೆಯ ಚೀಲ. ನಮ್ಮ ಹಿರಿಯರು ಯಾರೋ
ಯಾರದೋ ಹಿಂದೆ ಅದನ್ನು ಹಿಡಿದು ನಡೆದವರು.
ಇಷ್ಟೆಲ್ಲ ಯಾಕೆ ಹೇಳಿದೆ?
ಸ್ಟೋರ್ ಕೀಪರ್ ಕೆಲಸಕ್ಕೆ ಚೀಲದ ಕಥೆ ಬೇಕೇ?
ಬೇಕಿತ್ತೇನೋ. ಕಾಯ್ದಿಡುವವರ ಮನೆತನ ಸರ್,
ಒಂದಡಿಕೆ ಹೆಚ್ಚುಕಮ್ಮಿ ಆಗುವುದಿಲ್ಲ
ಅಂದಿದ್ದರೆ ನಗುತ್ತಿದ್ದರು.
ಹೊಳೆಯುವುದು ಈಗ, ರಾತ್ರಿ ಎರಡಕ್ಕೆ,
ದಾಪೋಡಿ ದಾಟುವ ಗೂಡ್ಸು ಗಾಡಿ
ತನ್ನ ಡಬ್ಬಿಗಳನ್ನು ತಾನೇ ಎಣಿಸಿಕೊಳ್ಳುತ್ತ ಹೋಗುವಾಗ.

ಕಡೆಗೆ ಆ ಹೆಂಗಸು ಫೈಲು ಮುಚ್ಚಿ ಅಂದಳು:
"ಆಮ್ಹೀ ಕಳವೂ."
ತಿಳಿಸುತ್ತೇವೆ ಅಂತ ಅರ್ಥ. ಹದಿನಾಲ್ಕು ವರ್ಷ
ಈ ಊರಿನ ನೀರು ಕುಡಿದವಳು, ಗೊತ್ತಿಲ್ಲದೆ ಏನು.
ಆದರೆ ಕಿವಿ ಹುಟ್ಟಿದ್ದು ಬೇರೆ ಕಡೆ.
ಅದಕ್ಕೆ ಕೇಳಿದ್ದು: ಕಳವು.
ಮೆಟ್ಟಿಲಿಳಿಯುವಾಗ ಪರ್ಸು ಮುಟ್ಟಿ ನೋಡಿಕೊಂಡೆ.

ಹನ್ನೊಂದು ದಿನವಾಯಿತು.
ಫೋನು ಹಾಲಿನ ಖಾಲಿ ಪಾಕೀಟಿನೊಳಗೆ
ಬಚ್ಚಲಿಗೂ ನನ್ನ ಜೊತೆ ಬರುತ್ತದೆ,
ಬಕೆಟ್ಟಿನ ಪಕ್ಕ ಸ್ಟೂಲಿನ ಮೇಲೆ ಕೂರುತ್ತದೆ.
ಒಮ್ಮೆ ಸೋಪಿನ ಕೈಯಲ್ಲೇ ಎತ್ತಿದೆ.
ಲೋನು ಬೇಕಾ ಮ್ಯಾಡಮ್, ಅಂದ ಹುಡುಗ.
ಎಂಥ ನಯ. ಪಾಪ, ಅವನಿಗಾದರೂ ಕೆಲಸ ಸಿಕ್ಕಿದೆ.
ನೀನು ಇಂಟರ್‌ವ್ಯೂದಲ್ಲಿ ಏನು ಹೇಳಿದಿ ತಮ್ಮಾ
ಅಂತ ಕೇಳಿಯೇಬಿಡುತ್ತಿದ್ದೆ,
ಅಷ್ಟರಲ್ಲಿ ನಳದ ನೀರು ನಿಂತಿತು.

ಪಕ್ಕದ ಮಂದಾತಾಯಿ ದಿನಾ ಕೇಳುತ್ತಾರೆ.
ಇವರು ಕೇಳುವುದಿಲ್ಲ. ಕೇಳದೇ ಇರುವುದನ್ನು
ಎಷ್ಟು ಜೋರಾಗಿ ಮಾಡುತ್ತಾರೆಂದರೆ
ಊಟದ ಹೊತ್ತಿಗೆ ತಟ್ಟೆಗಳು ಗಾಬರಿಯಾಗುತ್ತವೆ.

"ಈ ಆರು ವರ್ಷ ಖಾಲಿ ಕಾಣುತ್ತಿದೆಯಲ್ಲ?"
ನಡುವಿನವರು ಕಾಗದದ ಮೇಲೆ ಬೆರಳಿಟ್ಟಿದ್ದರು.
ಖಾಲಿ.
ಬೆನ್ನಿಗೆ ಹುಣ್ಣಾಗದಂತೆ ಎರಡು ತಾಸಿಗೊಮ್ಮೆ
ಅತ್ತಿಯ ಮಗ್ಗುಲು ಬದಲಿಸಿದ್ದು,
ಯಾವ ಮಾತ್ರೆ ಎಷ್ಟು ಉಳಿಯಿತು,
ಯಾವ ಬಾಟಲಿಯ ತಾರೀಖು ಎಂದು ಮುಗಿಯುತ್ತದೆ,
ಕಪಾಟಿನ ಬಾಗಿಲ ಒಳಗೆ ಚೀಟಿ ಅಂಟಿಸಿ ಬರೆದದ್ದು.
ಅದೂ ಒಂದು ಸ್ಟೋರೇ ಅಲ್ಲವೇನು ಸರ್?
ನಾನು ಅಂದದ್ದು ಇಷ್ಟೇ:
ಮನೆಯಲ್ಲಿ ಸ್ವಲ್ಪ ಅಡಚಣೆ ಇತ್ತು.
ಸತ್ತವಳ ಕಿವಿಗೆ ಬಿದ್ದಿದ್ದರೆ
"ಅಡಚಣಿ ಆಗಿದ್ನೇನ ನಾ?" ಅಂದು
ಗೋಡೆ ಕಡೆ ಹೊರಳಿ, ಗಂಜಿ ಬಿಡುತ್ತಿದ್ದಳು.

ಇನ್ನೊಂದು ಮಾತು, ಯಾರಿಗೂ ಹೇಳಿಲ್ಲ.
ಫಾರ್ಮು ತುಂಬಲು ಕೊಟ್ಟ ಅವರ ಪೆನ್ನು
ನನ್ನ ಬ್ಯಾಗಿನಲ್ಲಿ ಮನೆಗೆ ಬಂದುಬಿಟ್ಟಿದೆ.
ನೀಲಿ ಪೆನ್ನು. ಮೈಮೇಲೆ ಕಂಪನಿಯ ಹೆಸರು, ನಂಬರು.
ಸ್ಟೋರಿಗೆ ಕಾವಲು ನಿಲ್ಲುತ್ತೇನೆಂದು ಹೋದವಳು
ಒಳಗೆ ಕಾಲಿಡುವ ಮೊದಲೇ ಸ್ಟಾಕು ಇಳಿಸಿದ್ದೇನೆ.
ಅದಕ್ಕೇ ಕರೆಯುತ್ತಿಲ್ಲವೋ ಏನೋ.
ಅದಕ್ಕಾದರೂ ಕರೆಯಬಹುದಲ್ಲ:
ಹಡಪದ ಮ್ಯಾಡಮ್, ಒಂದು ಪೆನ್ನಿನ ಲೆಕ್ಕ ಕೂಡುತ್ತಿಲ್ಲ.

ನಿನ್ನೆ ಶಾಂಭವಿ ಭೂಗೋಳದ ನಕಾಶೆಗೆ
ಅದನ್ನೇ ತೆಗೆದುಕೊಂಡಿದ್ದಳು.
ಕೊಂಕಣದ ಕಡಲಿಗೆಲ್ಲ ಅವರ ನೀಲಿ ತುಂಬಿಬಿಟ್ಟಿದ್ದಳು,
ಅಲೆ ಬೇರೆ, ಒಂದರ ಕೆಳಗೊಂದು.
ಬೈಯಲು ಬಾಯಿ ತೆರೆದೆ, ಬೈಯಲಿಲ್ಲ.
ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ:
ಕಡ್ಡಿಯಲ್ಲಿ ಇನ್ನೂ ಎರಡು ಬೆರಳಿನಷ್ಟು ಶಾಯಿ ಇದೆ.
ಹಾಲಿನ ಲೆಕ್ಕ ಪೆನ್ಸಿಲಿನಲ್ಲಿ ಬರೆದುಕೊಂಡರೆ
ಈ ತಿಂಗಳು ತಳ್ಳಬಹುದು.