ಹೂಂ

ನಮ್ಮ ಆಸ್ಪತ್ರೆಯಲ್ಲಿ ಎಲ್ಲರೂ ಹೂಂ ಅನ್ನುತ್ತಾರೆ.
ಶ್ರುತಿಕವೆ ಬಡಿದು, ಹೆಬ್ಬೆರಳಿಗೆ ಒತ್ತಿ,
ಗೊತ್ತಾಗ್ತಿದೆಯಾ ಅಂದರೆ ಹೂಂ.
ಈಗ? ಹೂಂ.
ಕವೆ ನಿಂತು ತಣ್ಣಗಾಗಿದೆ, ಈಗ?
ಅದಕ್ಕೂ ಹೂಂ.
ಬೆಳಿಗ್ಗೆ ಆರಕ್ಕೆ ಚೀಟಿಗೆ ನಿಂತು
ಹನ್ನೆರಡಕ್ಕೆ ಡಾಕ್ಟರ ಮುಖ ಕಂಡವರು
ಇಲ್ಲ ಅಂದು ಯಾಕೆ ಬೇಜಾರು ಮಾಡಬೇಕು?

ನಾನು ನೆಲಮಾಳಿಗೆಯ ವರ್ಕ್‌ಶಾಪಿನವನು.
ಬಿ.ಪಿ. ಮಿಷಿನ್ನಿನ ರಬ್ಬರು, ಗಾಲಿ ಮುರಿದ ಸ್ಟ್ರೆಚರು,
ನನ್ನ ಸಂಸ್ಥಾನ ಇಷ್ಟು.
ಡಾಕ್ಟರ್ ಶೈಸ್ತಾ, ಪೀಜಿ ಎರಡನೇ ವರ್ಷ,
ಒಂದು ಸಂಜೆ ಮೆಟ್ಟಿಲಿಳಿದು ಬಂದರು:
"ಲಾರೆನ್ಸಣ್ಣ, ಬಾಯಿಬಿಟ್ಟು ಕೇಳದೆ ಕೇಳೋ
ಒಂದು ಮಿಷಿನ್ ಮಾಡಕ್ಕಾಗತ್ತಾ?"

ಎಸ್.ಪಿ. ರೋಡಿನ ಮಹಡಿ ಅಂಗಡಿಯಲ್ಲಿ
ಸತ್ತ ಮೊಬೈಲುಗಳ ಎದೆ ಬಗೆದು
ಜುಂಯ್ ಅನ್ನುವ ಮೋಟಾರು ಆರಿಸಿದೆ,
ಕಡಲೆಕಾಳಿನ ಗಾತ್ರ, ತೂಕದ ಲೆಕ್ಕ.
ಮನೆಯಲ್ಲಿ ಮೂಲೆ ಸೇರಿದ್ದ ಊಟದ ಮಣೆಗೆ
ಐದು ತೂತು, ತೂತಿಗೊಂದು ಮೋಟಾರು,
ಮುಂದೊಂದು ದೀಪ, ಕೈಗೊಂದು ಕಾಲಿಂಗ್ ಬೆಲ್ಲಿನ ಗುಂಡಿ.
ಕಾಲಿಗೆ ನಡುಕ ತಿಳಿದಾಗ ಒತ್ತಬೇಕು.
ಅಷ್ಟೇ.
ಕೆಲವು ಸಲ ದೀಪ ಹತ್ತುತ್ತದೆ, ಮಣೆ ನಡುಗುವುದಿಲ್ಲ.

ಸುಳ್ಳು ಹೇಳುವುದನ್ನು ಅದಕ್ಕೆ ಕಲಿಸಲು
ಮೂರು ತಿಂಗಳು ಹಿಡಿಯಿತು.
ಮೊದಮೊದಲು ನಡುಗುವ ಮುಂಚೆ ಒಳಗೆಲ್ಲೋ ಟಿಕ್ ಎನ್ನುತ್ತಿತ್ತು,
ಜನ ಕಿವಿಯಿಂದ ಕೇಳಿ
ಕಾಲಿನಿಂದ ಗೊತ್ತಾಯಿತು ಅನ್ನುತ್ತಿದ್ದರು.
ಸೈಕಲ್ ಟ್ಯೂಬ್ ಕತ್ತರಿಸಿ ಸುತ್ತಿದ ಮೇಲೆ
ಬಾಯಿ ಮುಚ್ಚಿತು.

ಅಕ್ಕಯ್ಯಮ್ಮ, ಅರವತ್ತೊಂದು, ಕೆ.ಆರ್. ಮಾರ್ಕೆಟ್ಟು,
ಸೇವಂತಿಗೆ ಹಾರ,
ಸಕ್ಕರೆ ಕಾಯಿಲೆಗೆ ಹದಿನಾಲ್ಕು ವರ್ಷ.
ಬೆಳಗಿನ ಜಾವ ಮೂರಕ್ಕೆ ಟೆಂಪೋಗಳ ನಡುವೆ
ಕೊಳೆತ ಎಲೆ, ಕೆಸರು, ಮುರಿದ ಬುಟ್ಟಿ ತುಳಿಯುವ ಬರಿಗಾಲು.
"ಕಾಲಿಗೇನಾಗಿಲ್ಲ ಕಣವ್ವ, ನೋವೇ ಇಲ್ಲ."
ಶೈಸ್ತಾ ನನ್ನ ಕಡೆ ನೋಡಿದರು.
ಆ ಎರಡನೇ ಮಾತಿಗೆ ಹೆದರುವುದನ್ನು
ನನಗೆ ಅವರೇ ಕಲಿಸಿದ್ದು.

ಇಪ್ಪತ್ತು ಸಲ ದೀಪ. ಇಪ್ಪತ್ತು ಸಲವೂ ಗುಂಡಿ.
ಮಣೆ ನಡುಗಿದ್ದು ಹನ್ನೆರಡೇ ಸಲ.
"ಇದು ಸುಮ್ನಿದ್ದಾಗ್ಲೂ ಒತ್ತಿದ್ರಲ್ಲಮ್ಮ?"
"ಪಾಪ, ಅಷ್ಟೊತ್ತಿಂದ ನೀವಿಬ್ರೂ
ನನ್ ಮುಖಾನೇ ನೋಡ್ತಾ ಕೂತಿದ್ರಲ್ಲ."

ಪಾದ ಎತ್ತಿ ನೋಡಿದರೆ
ಹಿಮ್ಮಡಿಯ ಬಿರುಕಿನಲ್ಲಿ ದಾರದ ಒಂದೆಳೆ.
ಶೈಸ್ತಾ ಚಿಮಟದಲ್ಲಿ ಹಿಡಿದೆಳೆದರು, ಮೆಲ್ಲಗೆ,
ಹಾರ ಪೋಣಿಸುವ ಸೂಜಿ, ಕಣ್ಣಿನ ಕಡೆಯ ಅರ್ಧ.
ಅಕ್ಕಯ್ಯಮ್ಮ ಬಗ್ಗಿ, ಗುರುತು ಹಿಡಿದು, ಹಿಗ್ಗಿದಳು:
"ಅಯ್ಯೋ, ಇದಿಲ್ಲಿತ್ತಾ! ಭಾನುವಾರದಿಂದ ಹುಡುಕ್ತಿದ್ದೆ."

ಆವತ್ತು ಗುರುವಾರ.

ಗಾಯ ಮಾಯಲು ಏಳು ವಾರ ಬೇಕಾಯಿತು.
ಮೆತ್ತನೆ ಚಪ್ಪಲಿ ಬರೆದುಕೊಟ್ಟು ಕೇಳಿದರು,
ಹೂವಿನ ಹತ್ರ ಕೂತಾಗ್ಲೂ ಹಾಕ್ಕೋತೀರಾ?
ಹೂಂ, ಅಂದಳು.

ಕಾಲೇಜಿನ ವಾರ್ಷಿಕೋತ್ಸವಕ್ಕೆ
ಮಣೆಗೆ ಬಿಳಿ ಬಣ್ಣ, ಇಂಗ್ಲಿಷಿನಲ್ಲಿ ಉದ್ದದ ಹೆಸರು.
ಮುಖ್ಯ ಅತಿಥಿಗಳು ಕಾಲುಚೀಲದಲ್ಲೇ ಹತ್ತಿ ನಿಂತು
ಕ್ಯಾಮೆರಾ ಕಡೆ ತಿರುಗಿ ಗುಂಡಿ ಒತ್ತಿ
"ಬಹಳ ಚೆನ್ನಾಗಿ ಗೊತ್ತಾಗ್ತಿದೆ" ಎಂದರು.
ಚಪ್ಪಾಳೆ.
ಪ್ಲಗ್ಗು ಇನ್ನೂ ನನ್ನ ಕೈಯಲ್ಲೇ ಇತ್ತು.

ಈಗ ಅದು ಹದಿನೇಳನೇ ನಂಬರ್ ಕೋಣೆಯಲ್ಲಿದೆ.
ಹದಿನೈದು ದಿನಕ್ಕೊಂದು ಮೋಟಾರು ಸಾಯುತ್ತದೆ,
ಎಸ್.ಪಿ. ರೋಡಿಗೆ ಹೋಗಿಬರುತ್ತೇನೆ.
ರಾತ್ರಿ ಊಟಕ್ಕೆ ಕೂತಾಗ
ಉಪ್ಪು ಸರಿ ಇದೆಯಾ ಅಂತ ಮನೆಯವಳು ಕೇಳಿದರೆ
ಬಾಯಿಗೆ ಬಂದದ್ದನ್ನು ತಡೆದು
ಇನ್ನೊಂದು ತುತ್ತು ತಿನ್ನುತ್ತೇನೆ.

ಆ ಸೂಜಿಯನ್ನು ಸ್ಪಿರಿಟ್ಟಿನಲ್ಲಿ ತೊಳೆದು
ಸ್ಕ್ರೂ ಡಬ್ಬಿಗೆ ಹಾಕಿದ್ದೆ, ಮರೆತೂ ಬಿಟ್ಟಿದ್ದೆ.
ಸಣ್ಣ ನಟ್ಟು ಬೇಕಾಗಿ ಅಯಸ್ಕಾಂತ ಆಡಿಸಿದಾಗ
ಎಲ್ಲಕ್ಕಿಂತ ಮೊದಲು
ಅದೇ ಎದ್ದು ನಿಲ್ಲುತ್ತದೆ.